ದುಡ್ಡು ಬೇಕಿರುವುದು ಈ ವಾರ

2024ರ ಜೂನ್ 24ರ ಸಂಜೆ ಐದು ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕಿತ್ತು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಹಳ್ಳಿಯೊಂದರ ದಲಿತ ಹುಡುಗನಿಗೆ ಧನ್‌ಬಾದ್ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ತಂದೆ ದಿನಗೂಲಿಯವರು. ಊರವರಲ್ಲಿ ಕೇಳಿ, ಅಷ್ಟಿಷ್ಟು ಕೂಡಿಸಿ ಹಣ ಕೈಗೆ ಬರುವಷ್ಟರಲ್ಲಿ ಗಡುವು ಮುಗಿಯಲು ಕೆಲವೇ ನಿಮಿಷ ಬಾಕಿ. ದಾಖಲೆಗಳು ಅಪ್‌ಲೋಡ್ ಆದವು. ಹಣ ಹೋಗುವ ಮೊದಲೇ ಪೋರ್ಟಲ್ ಮುಚ್ಚಿಕೊಂಡಿತು. ಜೆಇಇ ಅಡ್ವಾನ್ಸ್‌ಡ್ ಬರೆಯಲು ಇರುವುದು ಎರಡೇ ಅವಕಾಶ. ಅವನದು ಎರಡೂ ಮುಗಿದಿದ್ದವು. ಆಯೋಗ, ಪ್ರಾಧಿಕಾರ, ಹೈಕೋರ್ಟು ಎಂದು ಮೂರು ತಿಂಗಳು ಅಲೆದ ಮೇಲೆ, ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಅವನಿಗೆ ಅದೇ ಬ್ಯಾಚಿನಲ್ಲಿ ಸೀಟು ಕೊಡಿಸಿತು.

ಸುದ್ದಿ ಓದಿದ ಎಲ್ಲರಂತೆ ನನಗೂ ಸಮಾಧಾನವಾಯಿತು. ಆದರೆ ಕಾಡಿದ್ದು ಬೇರೆಯ ಸಂಗತಿ. ಐಐಟಿಗಳಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಅಂದರೆ ಒಳಗೆ ಕಾಲಿಟ್ಟ ಮೇಲೆ ಅವನಿಗೆ ನೆರವು ಸಿಗುವುದಿತ್ತು. ಹೊಸ್ತಿಲ ಮೇಲೆ ನಿಂತ ಆ ಕೆಲವು ದಿನಗಳಲ್ಲಿ ಹದಿನೇಳೂವರೆ ಸಾವಿರ ಕೊಡುವವರು ಮಾತ್ರ ಇರಲಿಲ್ಲ. ಅಷ್ಟು ಸಣ್ಣ ಮೊತ್ತಕ್ಕಾಗಿ ದೇಶದ ಮುಖ್ಯ ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು. ಕೋರ್ಟಿನವರೆಗೆ ಹೋಗಲಾರದೆ ಸುಮ್ಮನೆ ಮನೆಗೆ ಮರಳಿದವರ ಲೆಕ್ಕ ಯಾರ ಬಳಿಯೂ ಇಲ್ಲ.

ಕಾಲೇಜು ಓದುವ ಬಡಮಕ್ಕಳ ಕಷ್ಟದಲ್ಲಿ ಎರಡು ಬಗೆಯಿದೆ. ಒಂದು, ಹುಟ್ಟಿನಿಂದಲೇ ಜೊತೆಗಿರುವಂಥದು: ಜಮೀನಿಲ್ಲ, ಅಪ್ಪ ಅಮ್ಮ ಕೂಲಿ, ಓದುವುದಕ್ಕೆಂದು ಎತ್ತಿಟ್ಟ ದುಡ್ಡಿಲ್ಲ. ಇನ್ನೊಂದು, ನಡುವೆ ಬಂದು ಎರಗುವಂಥದು: ಎರಡನೇ ಸೆಮಿಸ್ಟರಿನಲ್ಲಿ ಅಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾರೆ, ಈರುಳ್ಳಿ ಬೆಲೆ ನೆಲಕಚ್ಚುತ್ತದೆ, ಅಮ್ಮ ದುಡಿಯುತ್ತಿದ್ದ ಗಾರ್ಮೆಂಟ್ಸ್ ಮುಚ್ಚುತ್ತದೆ. ಮೊದಲನೆಯದಕ್ಕೆ ಸರ್ಕಾರಗಳು ವಿದ್ಯಾರ್ಥಿವೇತನ ಎಂಬ ಉತ್ತರ ಹುಡುಕಿವೆ. ಎರಡನೆಯದಕ್ಕೆ ಬೇಕಿರುವುದು ಸಂಕಷ್ಟ ನಿಧಿ, ಎಂದರೆ ಕೇಳಿದ ವಾರವೇ ಕೈಗೆ ಬರುವ ಸಣ್ಣ ಮೊತ್ತ. ನಮ್ಮಲ್ಲಿ ಅದು ವ್ಯವಸ್ಥೆಯಾಗಿ ಬೆಳೆದೇ ಇಲ್ಲ. ಒಳ್ಳೆಯ ಮನಸ್ಸಿನ ಮೇಷ್ಟ್ರೊಬ್ಬರ ಜೇಬಿನಲ್ಲಿ ಅದು ಉಳಿದುಕೊಂಡಿದೆ, ಅಷ್ಟೆ.

ಕರ್ನಾಟಕದಲ್ಲಿ ನೆರವೇ ಇಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ, ಶುಲ್ಕ ಮರುಪಾವತಿಯಿದೆ. ಊರೂರಿನಲ್ಲಿ ಜನ ‘ಬಿಸಿಎಂ ಹಾಸ್ಟೆಲ್’ ಎಂದು ಕರೆಯುವ ವಿದ್ಯಾರ್ಥಿನಿಲಯಗಳಿವೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ಬಾಡಿಗೆಗೆಂದು ಶುರುವಿನಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದ ‘ವಿದ್ಯಾಸಿರಿ’ 2013-14ರಿಂದ ಇದೆ. ರೈತರ ಮಕ್ಕಳಿಗೆ 2021ರಲ್ಲಿ ‘ರೈತ ವಿದ್ಯಾನಿಧಿ’ ಬಂತು. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ನಿಗಮಗಳು ಕಡಿಮೆ ಬಡ್ಡಿಗೆ ಕೊಡುವ ‘ಅರಿವು’ ಸಾಲವಿದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಈಚಿನದು. ಇವುಗಳಿಂದ ಓದು ಮುಗಿಸಿ ನೌಕರಿ ಹಿಡಿದ ಲಕ್ಷಾಂತರ ಜನ ನಮ್ಮ ನಡುವೆ ಇದ್ದಾರೆ. ಈ ಲೇಖನ ಓದುತ್ತಿರುವವರಲ್ಲೂ ಇರುತ್ತಾರೆ.

ಇವೆಲ್ಲವೂ ವರ್ಷಕ್ಕೊಮ್ಮೆ ಅರ್ಜಿ ಕರೆದು, ಪರಿಶೀಲಿಸಿ, ಪಟ್ಟಿ ಮಾಡಿ, ಅನುದಾನ ಬಿಡುಗಡೆಯಾದ ಮೇಲೆ ತಲುಪುವ ನೆರವು. ಅರ್ಜಿ ಹಾಕುವ ಹುಡುಗಿಯ ಜೊತೆ ಒಮ್ಮೆ ನಡೆದು ನೋಡಿ. ಮೊದಲು ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಬೇಕು. ಅದರ ಮೇಲಿನ ಆರ್‌ಡಿ ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎಸ್‌ಪಿ, ಮುಂದಕ್ಕೆ ಹೋಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಹಿಂದೆ ಇದ್ದು, ಆಧಾರ್‌ನಲ್ಲಿ ಮುಂದೆ ಇದ್ದರೆ ಅಲ್ಲೊಂದು ತಿದ್ದುಪಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲವೆಂದು ಬ್ಯಾಂಕಿಗೆ ಇನ್ನೊಂದು ಓಡಾಟ. ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ. ಪ್ರತಿ ಹೆಜ್ಜೆಗೂ ಸೈಬರ್ ಸೆಂಟರಿನವನಿಗೆ ಐವತ್ತು, ನೂರು. ಒಂದೊಂದು ಓಡಾಟಕ್ಕೂ ಒಂದು ದಿನದ ಹಾಜರಾತಿ ಹೋಗುತ್ತದೆ. ಜೊತೆಗೆ ಬಂದರೆ ಅಪ್ಪನ ಒಂದು ದಿನದ ಕೂಲಿಯೂ ಹೋಗುತ್ತದೆ.

ಇಷ್ಟಾದ ಮೇಲೂ ಹಣ ಒಟ್ಟಿಗೆ ಬರುವುದಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನವನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಪರಿಷ್ಕರಿಸಿ, ಕೇಂದ್ರದ ಪಾಲು 60, ರಾಜ್ಯದ ಪಾಲು 40 ಎಂದು ನಿಗದಿ ಮಾಡಿತು. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಸೋರಿಕೆ ತಡೆಯಲು ಇದು ಒಳ್ಳೆಯ ಏರ್ಪಾಡು ಎಂಬುದನ್ನು ಒಪ್ಪೋಣ. ಆದರೆ ಒಂದು ಖಜಾನೆ ಇನ್ನೊಂದು ಖಜಾನೆಗಾಗಿ ಕಾಯುವಾಗ, ಇಬ್ಬರಿಗಾಗಿಯೂ ಕಾಯುವವಳು ವಿದ್ಯಾರ್ಥಿನಿ. ಮೊತ್ತವಾದರೂ ಎಷ್ಟು? ಈ ಯೋಜನೆಯಲ್ಲಿ ಮನೆಯಿಂದ ಓಡಾಡುವ ಬಿಎ, ಬಿಎಸ್ಸಿ ವಿದ್ಯಾರ್ಥಿಗೆ ವರ್ಷಕ್ಕೆ ಸಿಗುವ ಭತ್ಯೆ 3,000 ರೂಪಾಯಿ. ತಿಂಗಳಿಗೆ 250. ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್, ವೈದ್ಯಕೀಯ ಓದುವವರಿಗೆ ವರ್ಷಕ್ಕೆ 13,500.

ಆದಾಯ ಪ್ರಮಾಣಪತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಅದರ ಸಿಂಧುತ್ವ ಐದು ವರ್ಷ. ಅದು ಎಂದೋ ತೆಗೆಸಿದ ಫೋಟೊ ಇದ್ದ ಹಾಗೆ. ಈಗಿನ ಮುಖ ಅದರಲ್ಲಿ ಕಾಣುವುದಿಲ್ಲ. ಹೋದ ಮಂಗಳವಾರ ಅಪ್ಪ ಬಿದ್ದದ್ದು, ಮೊನ್ನೆ ಅಂಗಡಿಗೆ ಬೆಂಕಿ ಹತ್ತಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಮಿತಿ ಎರಡೂವರೆ ಲಕ್ಷವಿದ್ದರೆ, ಎರಡು ಲಕ್ಷ ಅರವತ್ತು ಸಾವಿರ ಬರೆಸಿಕೊಂಡ ಮನೆಯ ಮಗ ಎಷ್ಟೇ ಕಷ್ಟದಲ್ಲಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅವನು ಸ್ಥಿತಿವಂತ. ಆ ಗೆರೆಯ ಆಚೀಚೆ ಇರುವ ಮನೆಗಳಲ್ಲೇ ಒಂದು ಕಾಯಿಲೆ, ಒಂದು ಮಳೆಗಾಲ ಇಡೀ ಲೆಕ್ಕವನ್ನು ತಲೆಕೆಳಗು ಮಾಡುವುದು.

ನೆರವು ಬರುವವರೆಗೆ ಏನು ಮಾಡುತ್ತಾರೆ? ಅಮ್ಮಂದಿರು ಸಂಘದ ಸಾಲ ತೆಗೆಯುತ್ತಾರೆ. ‘ಫೀಸು ಕಟ್ಟೋಕೆ’ ಎಂದು ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲಿ ಬರೆಸುವುದು ಹಳ್ಳಿಗಳಲ್ಲಿ ಎಷ್ಟು ಸಾಮಾನ್ಯ ಎಂದರೆ, ಕರ್ನಾಟಕದ ಪದವಿ ಶಿಕ್ಷಣದ ದೊಡ್ಡ ಸಾಲದಾತರು ಬ್ಯಾಂಕುಗಳಲ್ಲ, ಆ ಅಮ್ಮಂದಿರು ಎಂದು ನನಗೆ ಅನ್ನಿಸುತ್ತದೆ. ಸಂಘದಲ್ಲಿ ಸಿಗದಿದ್ದರೆ ವಾರದ ಕಂತಿನ ಮೈಕ್ರೊಫೈನಾನ್ಸ್. ಅದರ ವಸೂಲಿ ಹಿಂಸೆ ಯಾವ ಮಟ್ಟಕ್ಕೆ ಹೋಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಡ ಇಟ್ಟ ಓಲೆ, ಸರ ಬಿಡಿಸಿಕೊಳ್ಳಲಾಗದ ಮನೆಗಳು ಇನ್ನೆಷ್ಟೋ.

ಮಕ್ಕಳೂ ಸುಮ್ಮನೆ ಕೂರುವುದಿಲ್ಲ. ಹುಡುಗರು ಮದುವೆ ಸೀಸನ್ನಿನಲ್ಲಿ ಕಲ್ಯಾಣ ಮಂಟಪಗಳಿಗೆ ಬಡಿಸಲು ಹೋಗುತ್ತಾರೆ, ರಾತ್ರಿ ಊಟದ ಪಾರ್ಸೆಲ್ ಹೊತ್ತು ಬೈಕಿನಲ್ಲಿ ತಿರುಗುತ್ತಾರೆ. ಹುಡುಗಿಯರು ಬಟ್ಟೆ ಅಂಗಡಿಯಲ್ಲಿ, ಮೆಡಿಕಲ್ ಸ್ಟೋರಿನಲ್ಲಿ ಅರ್ಧ ದಿನ ನಿಲ್ಲುತ್ತಾರೆ. ದುಡಿದು ಓದುವುದು ಹೆಮ್ಮೆಯ ವಿಷಯವೇ ಹೌದು. ಆದರೆ ಹಾಜರಾತಿ ಶೇ 75 ಇರಬೇಕೆಂಬ ನಿಯಮ ಇವರಿಗಾಗಿ ಸಡಿಲವಾಗುವುದಿಲ್ಲ. ಬೆಳಗಿನ ಜಾವ ಎರಡು ಗಂಟೆಗೆ ರೂಮಿಗೆ ಬಂದವನು ಎಂಟೂವರೆಯ ಕ್ಲಾಸು ತಪ್ಪಿಸಿಕೊಂಡರೆ ಹಾಜರಾತಿ ಕೊರತೆ, ಅದರಿಂದ ಹಾಲ್ ಟಿಕೆಟ್‌ಗೆ ತಡೆ, ಪರೀಕ್ಷೆ ತಪ್ಪಿದರೆ ಮುಂದಿನ ವರ್ಷದ ವಿದ್ಯಾರ್ಥಿವೇತನದ ನವೀಕರಣಕ್ಕೂ ತಡೆ. ಐದು ಸಾವಿರ ರೂಪಾಯಿಯ ಕೊರತೆಯಿಂದ ಶುರುವಾದದ್ದು ಒಂದು ಪದವಿಯನ್ನೇ ನುಂಗುವುದು ಹೀಗೆ. ಕಾಲೇಜಿನ ರಿಜಿಸ್ಟರಿನಲ್ಲಿ ಮಾತ್ರ ಕಾರಣ ‘ಗೈರುಹಾಜರಿ’ ಎಂದೇ ಇರುತ್ತದೆ.

ಕೊಡುತ್ತಿದ್ದ ಮೊತ್ತ ನಡುದಾರಿಯಲ್ಲಿ ಇಳಿದುಬಿಡುವುದೂ ಉಂಟು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳ ಓದಿಗೆ ಕೊಡುತ್ತಿದ್ದ ಸಹಾಯಧನವನ್ನು 2023ರಲ್ಲಿ ಕಡಿತ ಮಾಡಿದಾಗ ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋಗಬೇಕಾಯಿತು. ಬರುತ್ತದೆಂದು ನಂಬಿ ಕೋರ್ಸಿಗೆ ಸೇರಿದ ಮೇಲೆ ನೆರವು ಕುಗ್ಗಿದರೆ, ಅದೂ ಅಪ್ಪನ ಕಾಲು ಮುರಿದಷ್ಟೇ ದೊಡ್ಡ ಆಘಾತ.

ಹಿಂದಿನವರು ಏನು ಮಾಡುತ್ತಿದ್ದರು ಎಂದು ನೋಡಿದರೆ, ನಮ್ಮ ನಾಡಿನಲ್ಲಿ ಸಂಕಷ್ಟದ ನೆರವು ಮೊದಲು ಬಂದದ್ದು ಅನ್ನದ ರೂಪದಲ್ಲಿ. ಮೈಸೂರು, ಧಾರವಾಡದಂಥ ವಿದ್ಯೆಯ ಊರುಗಳಲ್ಲಿ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅರ್ಜಿಯಿಲ್ಲ, ಪ್ರಮಾಣಪತ್ರವಿಲ್ಲ, ಹಸಿದ ದಿನವೇ ಊಟ. ಅದರ ಅವಮಾನ, ಹಸಿವು ಹೇಗಿರುತ್ತಿತ್ತು ಎಂಬುದು ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ಗೊತ್ತು. ಆದರೆ ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಜಾತಿ ನೋಡಿ ಎಲೆ ಹಾಕುತ್ತಿದ್ದ ಕಾಲ ಅದು. ಆ ಬಾಗಿಲು ಮುಚ್ಚಿದ್ದವರಿಗಾಗಿಯೇ ಬೇರೆ ಬಾಗಿಲುಗಳು ಹುಟ್ಟಿಕೊಂಡವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಏಳಿಗೆಗೆಂದೇ ಸಂಸ್ಥೆ ಕಟ್ಟಿ, ಊರವರ ಬಹಿಷ್ಕಾರದ ನಡುವೆಯೇ ಶಾಲೆ ನಡೆಸಿದರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಕರ್ನಾಟಕ ಕಾಲೇಜಿನಲ್ಲಿ ಓದಿದವರು ಉತ್ತರ ಕರ್ನಾಟಕದ ಊರೂರಿನಲ್ಲಿದ್ದಾರೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತದ ಭೇದವಿಲ್ಲದೆ ಉಂಡು, ಉಳಿದು, ಓದುತ್ತಿದ್ದರು. ಬೆಂಗಳೂರಿನ ದಲಿತ ಹುಡುಗರ ಹಾಸ್ಟೆಲ್ ಬದುಕು ಹೇಗಿತ್ತು, ಅಲ್ಲಿಂದ ಎಂಥ ದನಿಗಳು ಎದ್ದುಬಂದವು ಎಂಬುದಕ್ಕೆ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯೇ ಸಾಕ್ಷಿ. ಬಸ್ಸಿಗೆ ದುಡ್ಡಿಲ್ಲದೆ 1935ರಲ್ಲಿ ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ನಡೆದೇ ಬಂದ ಹುಡುಗ ಎಚ್. ನರಸಿಂಹಯ್ಯ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬದುಕಿನ ಬಹುಕಾಲ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಉಳಿದರು.

ಅಂಬೇಡ್ಕರ್ ಅವರ ಓದಿನ ಕಥೆಯನ್ನು ನಾವು ಸಾಮಾನ್ಯವಾಗಿ ಪದವಿಗಳ ಪಟ್ಟಿಯಾಗಿ ಹೇಳುತ್ತೇವೆ. ಅದನ್ನು ಹಣದ ಕಥೆಯಾಗಿಯೂ ಓದಬೇಕು. 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಅಲ್ಲಿಂದ 1916ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರ, ಕಾನೂನು ಎರಡರ ಓದೂ ಶುರುವಾಗಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಿದರು. ಮುಂಬೈನ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಪಾರ್ಸಿ ಗೆಳೆಯರೊಬ್ಬರು ಕೊಟ್ಟ ಸಾಲ, ಇಷ್ಟೂ ಸೇರಿದ ಮೇಲೆ 1920ರಲ್ಲಿ ಮತ್ತೆ ಲಂಡನ್ನು. ಡಿಎಸ್ಸಿ ಪದವಿ ಬಂದದ್ದು 1923ರಲ್ಲಿ. ನಡುವಿನ ಮೂರು ವರ್ಷ ಹೋದದ್ದು ಬುದ್ಧಿಯ ಕೊರತೆಯಿಂದಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು 1944ರಲ್ಲಿ, ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ. ಓದು ನಿಂತುಹೋಗುವುದು ಎಂದರೇನೆಂದು ಸ್ವತಃ ಉಂಡವರು ಆ ಮೇಜಿನ ಮುಂದೆ ಕೂತಿದ್ದರು.

ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಈ ಎರಡನೆಯ ಬಗೆಯ ಕಷ್ಟಕ್ಕೆ ಬೇರೆಯದೇ ಪೆಟ್ಟಿಗೆ ಇಟ್ಟಿವೆ. ಬ್ರಿಟನ್ನಿನಲ್ಲಿ 1990ರಲ್ಲಿ ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲ ಆರಂಭಿಸಿದಾಗಲೇ, ತೀರಾ ಕಷ್ಟಕ್ಕೆ ಬಿದ್ದವರಿಗೆಂದು ಕಾಲೇಜುಗಳ ಕೈಗೊಂದು ನಿಧಿ ಕೊಟ್ಟರು. ಇಂಗ್ಲೆಂಡಿನಲ್ಲಿ ಸರ್ಕಾರದ ಆ ಪ್ರತ್ಯೇಕ ನಿಧಿ 2014ರಲ್ಲಿ ನಿಂತಿತು. ಈಗ ಬಹುತೇಕ ವಿಶ್ವವಿದ್ಯಾಲಯಗಳು ತಮ್ಮದೇ ಸಂಕಷ್ಟ ನಿಧಿ ನಡೆಸುತ್ತವೆ. ಅರ್ಜಿ ಹಾಕುವವರು ಸಾಮಾನ್ಯವಾಗಿ ಮೂರು ತಿಂಗಳ ಬ್ಯಾಂಕ್ ವಿವರ ಒಪ್ಪಿಸಬೇಕು. ಆದಾಯವೆಷ್ಟು, ಬಾಡಿಗೆ ಎಷ್ಟು, ಕೊರತೆ ಎಷ್ಟು ಎಂದು ನೋಡಿ ಕೊಡುತ್ತಾರೆ. ಹೆಚ್ಚಿನ ಕಡೆ ಅದನ್ನು ಮರಳಿಸಬೇಕಿಲ್ಲ. ಇದರಲ್ಲೂ ಕುಂದಿದೆ. ಎಲ್ಲಿ ಕಾಫಿ ಕುಡಿದೆ, ಯಾರಿಗೆ ದುಡ್ಡು ಕಳಿಸಿದೆ ಎಂಬುದನ್ನೆಲ್ಲ ಅಪರಿಚಿತರ ಮುಂದೆ ಬಿಚ್ಚಿಡುವುದು ಮಾನವಂತ ಹುಡುಗರಿಗೆ ಸುಲಭವಲ್ಲ. ಎಷ್ಟೋ ಜನ ಅರ್ಜಿಯನ್ನೇ ಹಾಕದೆ ಉಳಿಯುತ್ತಾರೆ.

ಕೋವಿಡ್ ಕಾಲದಲ್ಲಿ ಜರ್ಮನಿ ಮಾಡಿದ್ದು ನನಗೆ ಹೆಚ್ಚು ಹಿಡಿಸಿತು. 2020ರ ಜೂನ್‌ನಿಂದ ಅಲ್ಲಿನ ಶಿಕ್ಷಣ ಸಚಿವಾಲಯ ವಿದ್ಯಾರ್ಥಿಗಳಿಗೆ ತಿಂಗಳಿಗೆ 100ರಿಂದ 500 ಯೂರೊವರೆಗೆ ಮರಳಿಸಬೇಕಿಲ್ಲದ ನೆರವು ಕೊಟ್ಟಿತು. ಲೆಕ್ಕ ಸರಳ: ಖಾತೆಯಲ್ಲಿ ಈಗ ಉಳಿದಿರುವುದು ನೂರು ಯೂರೊಗಿಂತ ಕಡಿಮೆಯಿದ್ದರೆ 500, ಹೆಚ್ಚಿದ್ದಂತೆ ನೆರವು ಕಡಿಮೆ. ಅಪ್ಪನ ಜಾತಿ, ಹೋದ ವರ್ಷದ ಆದಾಯ ಬೇಡ. ಇವತ್ತಿನ ಖಾತೆ ಸಾಕು. ವಿದೇಶಿ ವಿದ್ಯಾರ್ಥಿಗಳಿಗೂ ಅವಕಾಶವಿತ್ತು. ಕನ್ನಡನಾಡಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಜರ್ಮನಿಗೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಅವರು ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ತೋರಿಸಬೇಕು; 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. ಮನೆಪತ್ರ ಒತ್ತೆಯಿಟ್ಟು ಅಷ್ಟು ಹಣ ಹೊಂದಿಸಿದ ಮನೆಗೆ ಎರಡನೇ ವರ್ಷದಲ್ಲಿ ಒಂದು ಪೆಟ್ಟು ಬಿದ್ದರೆ, ದೂರದ ಊರಿನಲ್ಲಿರುವ ಹುಡುಗನಿಗೆ ಸಂಘದ ಸಾಲವೂ ಇಲ್ಲ, ಮೇಷ್ಟ್ರ ಜೇಬೂ ಇಲ್ಲ. ಜರ್ಮನಿಯ ಆ ಯೋಜನೆಯ ದೊಡ್ಡ ದೋಷವೆಂದರೆ ಕಷ್ಟ ಕೋವಿಡ್‌ನಿಂದಲೇ ಬಂದದ್ದೆಂದು ತೋರಿಸಬೇಕಿತ್ತು. ಅದಕ್ಕೂ ಮೊದಲೇ ಬಡವರಾಗಿದ್ದ ಅನೇಕರ ಅರ್ಜಿಗಳು ತಿರಸ್ಕೃತವಾದವು.

ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿ ಸೆಮಿಸ್ಟರಿನಲ್ಲಿ ಅಲ್ಪಸ್ವಲ್ಪ ಶುಲ್ಕ ಬಾಕಿಯಿದ್ದ ಕಾರಣಕ್ಕೇ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತಿತ್ತು. ಅವರಲ್ಲಿ ಎಷ್ಟೋ ಜನ ಚೆನ್ನಾಗಿ ಓದುತ್ತಿದ್ದವರು, ಪದವಿ ಮುಗಿಸಲು ಒಂದೆರಡು ಸೆಮಿಸ್ಟರ್ ಉಳಿದಿದ್ದವರು. 2011ರಲ್ಲಿ ವಿಶ್ವವಿದ್ಯಾಲಯ ಆ ಬಾಕಿಯನ್ನು ತಾನೇ ತುಂಬತೊಡಗಿತು. ಅರ್ಜಿ ಕರೆಯಲಿಲ್ಲ, ತನ್ನ ಲೆಕ್ಕದ ಪುಸ್ತಕ ನೋಡಿ ಯಾರಿಗೆ ಬೇಕೋ ಅವರನ್ನು ತಾನೇ ಹುಡುಕಿತು. ಓದು ಬಿಟ್ಟು ಹೋಗಬೇಕಿದ್ದ ಸಾವಿರಾರು ಜನ ಉಳಿದು ಪದವಿ ಪಡೆದರು. ಅವರು ಉಳಿದದ್ದರಿಂದ ಮುಂದಿನ ಸೆಮಿಸ್ಟರುಗಳ ಶುಲ್ಕವೂ ಬಂತು. ವಿಶ್ವವಿದ್ಯಾಲಯಕ್ಕೆ ನಷ್ಟವಾಗಲಿಲ್ಲ.

ಇದನ್ನು ಇಲ್ಲಿ ಮಾಡಲಾಗದೆ? ನಮ್ಮ ಹಳೆಯ ಕಾಲೇಜುಗಳಲ್ಲಿ ‘ಪೂರ್ ಬಾಯ್ಸ್ ಫಂಡ್’ ಎಂಬ ನಿಧಿ ಇರುತ್ತಿತ್ತು. ಈಗಲೂ ಶುಲ್ಕದ ರಸೀದಿಯಲ್ಲಿ ವಿದ್ಯಾರ್ಥಿ ಕ್ಷೇಮಾಭಿವೃದ್ಧಿ ನಿಧಿಗೆಂದು ಒಂದು ಸಣ್ಣ ಮೊತ್ತ ಕಾಣುತ್ತದೆ. ಬೇಕಿರುವುದು ಆ ಹೆಸರಿಗೊಂದು ಜೀವ. ಒಂದು ಸಾವಿರ ವಿದ್ಯಾರ್ಥಿಗಳಿರುವ ಸರ್ಕಾರಿ ಪದವಿ ಕಾಲೇಜನ್ನು ತೆಗೆದುಕೊಳ್ಳಿ. ವರ್ಷದಲ್ಲಿ ಮೂವತ್ತು ಮಂದಿಗೆ ತಲಾ ಐದು ಸಾವಿರ ಕೊಟ್ಟರೂ ಒಂದೂವರೆ ಲಕ್ಷ. ಹಳೆಯ ವಿದ್ಯಾರ್ಥಿಗಳ ಬೆಳ್ಳಿಹಬ್ಬದ ಶಾಮಿಯಾನ, ಸನ್ಮಾನದ ಶಾಲು, ಊಟಕ್ಕೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಪ್ರಾಂಶುಪಾಲರೊಬ್ಬರು, ಅಧ್ಯಾಪಕರಿಬ್ಬರು, ಅದರಲ್ಲಿ ಒಬ್ಬರು ಮಹಿಳೆ. ಇವರು ಮೂರು ದಿನದೊಳಗೆ ನಿರ್ಧರಿಸುವ ಅಧಿಕಾರ ಸಾಕು. ಜಾತಿ, ಆದಾಯದ ಪತ್ರ ಕೇಳಬಾರದು. ಆ ದಾಖಲೆಗಳಿಗೆ ಬೇರೆ ಯೋಜನೆಗಳಿವೆ. ಏನಾಯಿತು ಎಂದು ಕೇಳಿ, ತರಗತಿಯ ಮೇಷ್ಟ್ರಿಗೆ ಗೊತ್ತಿರುವುದನ್ನು ಕೇಳಿ, ಕೊಟ್ಟುಬಿಡಬೇಕು.

ದುರುಪಯೋಗವಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಆಗುತ್ತದೆ, ಸ್ವಲ್ಪ ಆಗುತ್ತದೆ. ಮೂವತ್ತರಲ್ಲಿ ಇಬ್ಬರು ಸುಳ್ಳು ಹೇಳಿ ಪಡೆದರೆ ಹೋಗುವುದು ಹತ್ತು ಸಾವಿರ. ಆ ಇಬ್ಬರನ್ನು ತಡೆಯಲೆಂದು ಕಟ್ಟುವ ಗೋಡೆಯ ಹೊರಗೆ ಉಳಿಯುವ ಇಪ್ಪತ್ತೆಂಟು ಮಂದಿಯ ನಷ್ಟಕ್ಕೆ ಆ ಹತ್ತು ಸಾವಿರ ಸಮವಲ್ಲ. ಲೆಕ್ಕಪರಿಶೋಧನೆ ಇರಲಿ. ಎಷ್ಟು ಜನಕ್ಕೆ, ಎಷ್ಟು ಹಣ, ಎಷ್ಟು ದಿನದಲ್ಲಿ ತಲುಪಿತು ಎಂದು ವರ್ಷಕ್ಕೊಮ್ಮೆ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಹೆಸರು ಮಾತ್ರ ಬೇಡ.

ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನೆರವು ಕೊಡುವಾಗ ವೇದಿಕೆ ಹತ್ತಿಸಿ, ಹಾರ ಹಾಕಿದ ಅತಿಥಿಗಳ ನಡುವೆ ನಿಲ್ಲಿಸಿ, ದೊಡ್ಡ ಗಾತ್ರದ ಚೆಕ್ಕಿನ ಜೊತೆ ಫೋಟೊ ತೆಗೆದು ಪತ್ರಿಕೆಗೆ ಕಳಿಸುವ ಪದ್ಧತಿ ನಿಲ್ಲಬೇಕು. ಪ್ರತಿಭಾ ಪುರಸ್ಕಾರಕ್ಕೆ ವೇದಿಕೆ ಸರಿ. ಮನೆಯಲ್ಲಿ ಅನ್ನಕ್ಕಿಲ್ಲದ್ದಕ್ಕೆ ಹತ್ತೊಂಬತ್ತರ ಹುಡುಗಿಯನ್ನು ಸಹಪಾಠಿಗಳ ಮುಂದೆ ನಿಲ್ಲಿಸುವುದು ಕ್ರೌರ್ಯ. ಮುಂದಿನ ಸಲ ಅವಳು ಕೇಳುವುದಿಲ್ಲ. ನೋಡಿದ ಇನ್ನೊಬ್ಬಳೂ ಕೇಳುವುದಿಲ್ಲ.

ಕೇಳದೆಯೇ ಸಿಗುವ ನೆರವಿಗೆ ಇರುವ ಗೌರವವೇ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಎಂಬ ಲೆಕ್ಕವೇ ಇಲ್ಲವಾಯಿತು. ಯಾರೂ ಅವರನ್ನು ನಿನ್ನ ಅಪ್ಪನ ಆದಾಯವೆಷ್ಟು ಎಂದು ಕೇಳಲಿಲ್ಲ. ಇಂದಿರಾ ಕ್ಯಾಂಟೀನಿನಲ್ಲಿ ಹತ್ತು ರೂಪಾಯಿಗೆ ಊಟ ಮಾಡುವ ಕಾಲೇಜು ಹುಡುಗನನ್ನೂ ಯಾರೂ ಕೇಳುವುದಿಲ್ಲ. ವಿದ್ಯಾರ್ಥಿಗಳಿಗೆಂದು ಮಾಡದ ಈ ಎರಡು ಏರ್ಪಾಡುಗಳು, ಅವರಿಗೆಂದೇ ಮಾಡಿದ ಕೆಲವು ಯೋಜನೆಗಳಿಗಿಂತ ಬೇಗ ಅವರನ್ನು ತಲುಪಿವೆ.

ಎಲ್ಲಕ್ಕಿಂತ ಅಗ್ಗದ ನೆರವು ಕಾಯುವುದು. ಅದಕ್ಕೆ ಯಾವ ನಿಧಿಯೂ ಬೇಡ. ವಿದ್ಯಾರ್ಥಿವೇತನ ಮಂಜೂರಾಗಿರುವ ಹುಡುಗನ ಬಳಿ ಮೊದಲು ನೀನು ಕಟ್ಟು, ಆಮೇಲೆ ಸರ್ಕಾರ ಕೊಡುತ್ತದೆ ಎನ್ನುವ ಖಾಸಗಿ ಕಾಲೇಜು ಎರಡು ತಿಂಗಳು ಕಾದರೆ ಅದು ಮುಳುಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಬಾಕಿಯ ನೆಪದಲ್ಲಿ ದಾಖಲೆ ಹಿಡಿದಿಟ್ಟುಕೊಳ್ಳುವವರಿಗೆ ಆ ಅಧಿಸೂಚನೆಯ ಪ್ರತಿ ತೋರಿಸುವ ಧೈರ್ಯ ಪೋಷಕರಿಗೆ ಬರಬೇಕು. ವಿದ್ಯಾರ್ಥಿ ಸಂಘಟನೆಗಳು ಅವರ ಜೊತೆ ಹೋಗಬೇಕು. ಪರೀಕ್ಷಾ ಶುಲ್ಕ ಕಟ್ಟಿಲ್ಲವೆಂದು ಪರೀಕ್ಷೆಗೆ ಕೂರಿಸದಿರುವ ಬದಲು ಕೂರಿಸಿ, ಫಲಿತಾಂಶ ಬರುವವರೆಗೆ ಸಮಯ ಕೊಡಬಹುದು.

ಪ್ರತಿ ಸೆಮಿಸ್ಟರಿನಲ್ಲಿ ಪರೀಕ್ಷಾ ಶುಲ್ಕದ ಕೊನೆಯ ದಿನಕ್ಕೆ ಒಂದು ವಾರ ಮೊದಲು, ಯಾರು ಇನ್ನೂ ಕಟ್ಟಿಲ್ಲ ಎಂಬ ಪಟ್ಟಿ ಕಾಲೇಜಿನ ಗುಮಾಸ್ತರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನು ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಲು ಒಬ್ಬ ಅಧ್ಯಾಪಕರಿಗೆ ಒಂದು ಮಧ್ಯಾಹ್ನ ಸಾಕು. ಪ್ರವೇಶದ ಅರ್ಜಿಯಲ್ಲಿ ಬರೆಸಿಕೊಂಡಿರುವ ನಂಬರು ಹೆಚ್ಚಾಗಿ ಅಪ್ಪಂದಿರದು, ಅದರಲ್ಲೂ ಎಷ್ಟೋ ಈಗ ಚಾಲ್ತಿಯಲ್ಲಿರುವುದಿಲ್ಲ. ಹಾಗಾಗಿ ಈ ಕೆಲಸ ಶುರುವಾಗಬೇಕಿರುವುದು ಜೂನ್, ಜುಲೈ ತಿಂಗಳ ಪ್ರವೇಶದ ಹೊತ್ತಿನಲ್ಲೇ: ವಿದ್ಯಾರ್ಥಿಯ ಸ್ವಂತ ನಂಬರು ಬರೆದುಕೊಂಡು, ಕಷ್ಟ ಬಂದರೆ ಯಾವ ಮೇಷ್ಟ್ರನ್ನು, ಯಾವ ಕೋಣೆಯಲ್ಲಿ ಕಾಣಬೇಕೆಂದು ಮೊದಲ ದಿನವೇ ಅವರಿಗೆ ಹೇಳಿ ಕಳಿಸಬೇಕು.